ಮೇಲಿನ ಮನೆಯ ಭಾಷೆ

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಒಳ್ಳೆಯ ವಾಸನೆಯೇನೂ ಅಲ್ಲ. ಇಸ್ತ್ರಿಪೆಟ್ಟಿಗೆಯ ಅಡಿಗೆ ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿ ಕರಗಿದ ಹಾಗೆ, ಮೂಗಿಗೆ ಹತ್ತಿಕೊಂಡು ಬಿಡುವುದೇ ಇಲ್ಲ. ಆದರೆ ಹೋದ ವಾರ ಗಲ್ಫಿನ ಅಲ್ ವುಕೈರಿನಲ್ಲಿರುವ ಮಗನ ಈ ಮನೆಯಲ್ಲಿ ಮಧ್ಯಾಹ್ನ ಮಲಗಿದ್ದಾಗ ಆ ವಾಸನೆ ಬಂತು ನೋಡಿ, ಒಲೆಯ ಮೇಲೆ ಏನು ಸುಟ್ಟಿತೋ ಎಂದು ನಾನು ಗಾಬರಿಯಾಗಲಿಲ್ಲ. ಎದ್ದು ಕುಳಿತು ದಿಂಬಿನ ಪಕ್ಕ ತಡಕಾಡಿದೆ. ಹುಡುಕಿದ್ದು ನನ್ನ ಕತ್ತರಿಯನ್ನು! ಬೀಡಿ ಎಲೆ ಕತ್ತರಿಸುವ ಆ ಹಳೆಯ ಕತ್ತರಿ ಇಲ್ಲೆಲ್ಲಿಂದ ಬರಬೇಕು... ಅದು ಊರಿನ ಮನೆಯ ಅಟ್ಟದಲ್ಲಿ ಯಾವ ಡಬ್ಬದೊಳಗೆ ತುಕ್ಕು ಹಿಡಿಯುತ್ತಿದೆಯೋ.

ಹೊರಗೆ ಬಂದರೆ ಊಟದ ಮೇಜಿನ ಮೇಲೆ ಮೊಮ್ಮಗಳು ಸಣ್ಣದೊಂದು ಮೆಷಿನ್ ಇಟ್ಟುಕೊಂಡು ಕುಳಿತಿದ್ದಳು. ಒಂದು ಕಡೆಯಿಂದ ಕಾಗದ ಹೋಗುತ್ತದೆ, ಇನ್ನೊಂದು ಕಡೆಯಿಂದ ಗಾಜಿನ ಹಾಗೆ ಹೊಳೆಯುತ್ತ ಬರುತ್ತದೆ. ಆನೆ, ಕೊಡೆ, ತೆಂಗಿನಕಾಯಿ ಎಂದು ಚಿತ್ರಗಳು. ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೇಳದೆ ಇದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ನನ್ನ ಮೊಮ್ಮಗಳು ಟೀಚರ್ ಆಗಿದ್ದಾಳೆ! ಈ ವರ್ಷವೇ ಸೇರಿದ್ದು, ಸಣ್ಣ ಮಕ್ಕಳ ಶಾಲೆ. ಅದಲ್ಲದೆ ಇಲ್ಲಿ ಆದಿತ್ಯವಾರ ಶಾಲೆ, ಶುಕ್ರವಾರ ರಜೆ; ಆ ರಜೆಯ ದಿನ ನಮ್ಮ ಕಡೆಯವರ ಮಕ್ಕಳನ್ನೆಲ್ಲ ಮನೆಗೆ ಕರೆದು ಕನ್ನಡ ಹೇಳಿಕೊಡುತ್ತಾಳೆ. ಆ ಮಕ್ಕಳ ಬಾಯಲ್ಲಿ ಇಂಗ್ಲಿಷ್ ನೀರಿನ ಹಾಗೆ ಬರುತ್ತದೆ, ಕನ್ನಡ ಮಾತ್ರ ತಡವರಿಸುತ್ತದೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕುಳಿತವಳು. ನನ್ನ ಮಗನ ಮಗಳು ಟೀಚರ್! ಈ ಸಲ ವಿಮಾನದಲ್ಲಿ ಪಕ್ಕದಲ್ಲಿ ಕುಳಿತವರಿಗೆ ಹೇಳಿದೆ. ಇಳಿದ ಮೇಲೆ ಗಾಲಿಕುರ್ಚಿ ತಳ್ಳಿದ ನೇಪಾಳದವನಿಗೂ ಹೇಳಿದೆ, ಅವನಿಗೆ ಅರ್ಥವಾಯಿತೋ ಇಲ್ಲವೋ, ನಕ್ಕ. ಸಾಕು.

ಆದರೆ ಆ ವಾಸನೆ ತಂದದ್ದು ಇವಳನ್ನಲ್ಲ. ಇನ್ನೊಬ್ಬ ಟೀಚರನ್ನು. ಅವಳು ಯಾವ ದೇಶದವಳು ಎಂದು ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ...

ಆಗ ನಾವಿದ್ದದ್ದು ಇದೇ ದೇಶದ ಮುಐದರಿನಲ್ಲಿ. ಇಸವಿ ಎರಡು ಸಾವಿರ ದಾಟಿ ಕೆಲವು ವರ್ಷ ಆಗಿರಬೇಕು. ಎಲ್ಲಿ ನೋಡಿದರೂ ಅಗೆದು ಹಾಕಿದ ರಸ್ತೆ, ಎದ್ದು ನಿಲ್ಲುತ್ತಿರುವ ಕಟ್ಟಡ, ಬಟ್ಟೆ ಒಣಗಲು ಹಾಕಿದರೆ ಸಂಜೆಗೆ ಅದರ ಮೇಲೆ ಮರಳಿನ ಹುಡಿ. ದೊಡ್ಡ ವಿಲ್ಲಾವೊಂದನ್ನು ಗೋಡೆ ಹಾಕಿ ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಕೆಳಗಿನ ಒಂದು ತುಂಡಿನಲ್ಲಿ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು. ಸೊಸೆಗೆ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿತೆಂದು ಮಗುವನ್ನು ನೋಡಿಕೊಳ್ಳಲು ನನ್ನನ್ನು ವಿಸಿಟ್ ವೀಸಾದಲ್ಲಿ ಕರೆಸಿದ್ದರು. ಜೀವಮಾನವಿಡೀ ಬೀಡಿ ಕಟ್ಟಿ ಬೆನ್ನು ಬಾಗಿತ್ತು, ಇನ್ನು ಸ್ವಲ್ಪ ಕಾಲು ನೀಡಿ ಕುಳಿತುಕೊಳ್ಳೋಣ ಎಂದು ಬಂದವಳು ನಾನು. ಮಗುವಿನ ಹಿಂದೆ ಓಡುವುದು ಕಾಲು ನೀಡುವ ಕೆಲಸ ಅಲ್ಲ ಎಂಬುದು ಬಂದ ಮೇಲೆ ತಿಳಿಯಿತು.

ಮೇಲಿನ ಒಂದೇ ಕೋಣೆಯಲ್ಲಿ ಆ ಟೀಚರ್ ಇದ್ದಳು. ಹೊರಗಿನ ಮೆಟ್ಟಿಲು ನಮ್ಮ ಬಾಗಿಲಿನ ಪಕ್ಕದಿಂದಲೇ ಹತ್ತುತ್ತಿತ್ತು. ನನ್ನ ಮಗನಿಗಿಂತ ಸ್ವಲ್ಪ ದೊಡ್ಡ ಪ್ರಾಯ, ಕುಳ್ಳಗೆ, ನಮ್ಮ ಕಡೆಯ ಹೆಂಗಸರ ಹಾಗೆಯೇ ಎಣ್ಣೆಗೆಂಪು ಬಣ್ಣ. ಮಧ್ಯಾಹ್ನ ಕಳೆದು ಶಾಲೆಯ ಬಸ್ಸು ಅವಳನ್ನು ಬೀದಿಯ ಕೊನೆಯಲ್ಲಿ ಇಳಿಸುತ್ತಿತ್ತು. ಎರಡೂ ಹೆಗಲಿಗೆ ಚೀಲ. ನೇರ ಮೇಲೆ ಹೋಗುವ ಶಕ್ತಿ ಇರುತ್ತಿರಲಿಲ್ಲವೋ ಏನೋ, ಕೆಳಗಿನ ಮೆಟ್ಟಿಲಲ್ಲಿ ಕುಳಿತು ಚಪ್ಪಲಿ ಬಿಚ್ಚಿ, ಊದಿದ ಪಾದಗಳನ್ನು ಒತ್ತಿಕೊಳ್ಳುತ್ತ, ಯಾರಿಗೂ ಅಲ್ಲದ ಹಾಗೆ ಒಂದು ಮಾತು ಹೇಳುತ್ತಿದ್ದಳು.

“ಕನ್ಸಾದಾ...”

ಅದರ ಅರ್ಥ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆ ಉಸಿರಿಗೆ ಬೇರೆ ಅರ್ಥವೇ ಇಲ್ಲ. ನಾನೂ ನಮ್ಮ ತುಳುವಿನಲ್ಲಿ “ಬಚ್ಚುಂಡು” ಎಂದೆ, ದಣಿವಾಗಿದೆ ಎಂದು. ಅವಳು ತಲೆ ಎತ್ತಿ ನೋಡಿ ನಕ್ಕಳು. ಅಲ್ಲಿಂದ ಅದೇ ನಮ್ಮ ನಮಸ್ಕಾರವಾಯಿತು. ಅವಳು ಬಂದು “ಬಚ್ಚುಂಡು” ಎನ್ನುವುದು, ನಾನು “ಕನ್ಸಾದಾ” ಎನ್ನುವುದು. ನೀರು ಕೊಡುವುದು. ಅಷ್ಟೇ ಮಾತು.

ಒಂದು ದಿನ ಗಾಳಿಗೆ ಅವಳ ಚೀಲದಿಂದ ಕಾಗದಗಳು ಹಾರಿ ಅಂಗಳವೆಲ್ಲ ಹರಡಿದವು. ಮೊಮ್ಮಗಳೂ ನಾನೂ ಹೆಕ್ಕಿ ಮೇಲೆ ಕೊಂಡುಹೋದೆವು. ಅವಳ ಕೋಣೆ ನೋಡಿ ನನಗೆ ಊರಿನಲ್ಲಿ ಬೀಡಿ ಕಟ್ಟುತ್ತಿದ್ದ ನನ್ನ ಚಾವಡಿಯೇ ನೆನಪಾಯಿತು. ನೆಲದ ತುಂಬ ಕತ್ತರಿಸಿದ ತುಂಡುಗಳು, ನಡುವೆ ಆ ಬಿಸಿ ಮೆಷಿನ್, ಅದೇ ವಾಸನೆ. ಬೆಕ್ಕು, ಮನೆ, ಚಂದ್ರ, ನೀರಿನ ಲೋಟ ಎಂದು ಚಿತ್ರಗಳು. ಮೇಲೆ ಕೆಂಪು ಅಕ್ಷರ, ಕೆಳಗೆ ನೀಲಿ ಅಕ್ಷರ. ಕೆಂಪು ಅವಳ ಭಾಷೆಯಂತೆ, ಸ್ಪ್ಯಾನಿಷ್, ನೀಲಿ ಇಂಗ್ಲಿಷ್. ಇದನ್ನೆಲ್ಲ ಆಮೇಲೆ ಸೊಸೆ ಕೇಳಿ ನನಗೆ ಹೇಳಿದ್ದು. ಗ್ಯಾಸಿನ ಕಂಪೆನಿಗೆ ಬಂದ ಆ ಭಾಷೆಯವರ ಮಕ್ಕಳು ಕೆಲವರು ಶಾಲೆಯಲ್ಲಿದ್ದರು, ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು. ಅಕ್ಕಪಕ್ಕ ಎರಡೂ ಇದ್ದರೆ ಗೊತ್ತಿರುವುದನ್ನು ಹಿಡಿದುಕೊಂಡು ಗೊತ್ತಿಲ್ಲದ್ದಕ್ಕೆ ಕಾಲಿಡಬಹುದು. ಉಳಿದ ಮಕ್ಕಳೂ ಅದೇ ಕ್ಲಾಸಿನಲ್ಲಿ ಅವರ ಭಾಷೆ ಸ್ವಲ್ಪ ಕಲಿಯಬಹುದು. ಆದರೆ ಅಂಥ ಸಾಮಾನು ಇಲ್ಲಿನ ಅಂಗಡಿಯಲ್ಲಿ ಮಾಫಿ, ಇಲ್ಲವೇ ಇಲ್ಲ. ಎಲ್ಲವನ್ನೂ ಅವಳೇ ಬರೆದು, ಬಣ್ಣ ಹಾಕಿ, ಕತ್ತರಿಸಿ ಮಾಡಬೇಕು.

ಕತ್ತರಿಸುವುದನ್ನು ನೋಡಿದೆ. ಅಯ್ಯೋ! ಒಂದು ಮೂಲೆ ಮೇಲೆ, ಒಂದು ಮೂಲೆ ಕೆಳಗೆ. ಅವಳ ಕೈಯಿಂದ ತೆಗೆದುಕೊಂಡು ನಾನೇ ಕುಳಿತೆ. ಮರುದಿನ ನನ್ನ ಸೂಟ್‌ಕೇಸಿನಿಂದ ಬೀಡಿ ಕತ್ತರಿ ತೆಗೆದೆ. ಅದನ್ನು ತಂದದ್ದಕ್ಕೆ ಮಗನಿಂದ ಬೈಸಿಕೊಂಡಾಗಿತ್ತು. ಹಾಲಿನ ಹುಡಿಯ ಡಬ್ಬದ ತಗಡಿನಲ್ಲಿ ಅಳತೆಗೆ ಸರಿಯಾಗಿ ಒಂದು ಚೌಕ ಮಾಡಿಕೊಂಡೆ. ಎಲೆಯ ಮೇಲೆ ತಗಡು ಇಟ್ಟು ಸುತ್ತ ಕತ್ತರಿ ಓಡಿಸುವುದು ನನ್ನ ಕೈಗೆ ಹೇಳಿಕೊಡಬೇಕೇ? ಕಣ್ಣು ಮುಚ್ಚಿದರೂ ನಡೆಯುತ್ತದೆ. ಅವಳು ಹಾಲು ಹಾಕದ ಕಾಫಿ ಕಾಸುತ್ತಿದ್ದಳು, ನಾನು ಮನೆಯಿಂದ ಹಾಲು ಕೊಂಡುಹೋಗಿ ನನ್ನದಕ್ಕೆ ಹೊಯ್ದುಕೊಳ್ಳುತ್ತಿದ್ದೆ. ಮೊಮ್ಮಗಳು ಅಲ್ಲೇ ಉರುಳಾಡುತ್ತಿದ್ದಳು. ಎಷ್ಟೋ ಸಲ ಟೀಚರ್ ಕೈಯಲ್ಲಿ ಬಣ್ಣದ ಪೆನ್ನು ಹಿಡಿದುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ಹಾಕಿ ಕೆಳಗೆ ಇಳಿದು ಬರುತ್ತಿದ್ದೆ.

ಊರಿನಲ್ಲಿ ಕಟ್ಟಿದ ಬೀಡಿ ಕೊಡುವ ಜಾಗಕ್ಕೆ ನಾವು ಬ್ರಾಂಚ್ ಎನ್ನುವುದು, ಅದನ್ನೇ ಹಿಡಿದು ಮಗ ಚಾಳಿಸಿ ನಗುತ್ತಿದ್ದ. “ಎಂತ ಅಮ್ಮ, ಮೇಲೆ ಬೀಡಿ ಬ್ರಾಂಚ್ ತೆಗ್ದಿದ್ದೀರಾ? ಇಲ್ಲಿಯ ಪೊಲೀಸರಿಗೆ ಗೊತ್ತಾದ್ರೆ ಇಬ್ಬರೂ ಖಲಾಸ್!”

“ನಿನ್ನ ಆಫೀಸಿಗಿಂತ ನನ್ನ ಬ್ರಾಂಚ್ ಒಳ್ಳೇದುಂಟು. ಕಾಫಿ ಸಿಗ್ತದೆ,” ಎನ್ನುತ್ತಿದ್ದೆ.

ಬೇಸಿಗೆ ಏರುತ್ತಿದ್ದ ದಿನಗಳ ಒಂದು ಸಂಜೆ ಅವಳು ಮೆಟ್ಟಿಲಲ್ಲಿ ಕುಳಿತವಳು “ಬಚ್ಚುಂಡು” ಎನ್ನಲಿಲ್ಲ. ಚಪ್ಪಲಿಯನ್ನೂ ಬಿಚ್ಚಲಿಲ್ಲ. ಸೊಸೆ ಡ್ಯೂಟಿ ಮುಗಿಸಿ ಬಂದವಳು ಇಂಗ್ಲಿಷಿನಲ್ಲಿ ವಿಚಾರಿಸಿದಳು. ಇಬ್ಬರೂ ತುಂಬ ಹೊತ್ತು ಮಾತಾಡಿದರು. ಆಮೇಲೆ ಸೊಸೆ ನನಗೆ ಹೇಳಿದಳು, “ಅತ್ತೆ, ಇವರ ಎರಡು ಭಾಷೆಯ ಕ್ಲಾಸನ್ನು ನಿಲ್ಲಿಸುವಾ ಅಂತ ಶಾಲೆಯವರು ಮಾತಾಡ್ತಿದ್ದಾರಂತೆ. ಬರುವ ಆದಿತ್ಯವಾರ ಶಾಲೆಯ ದೊಡ್ಡವರು ಬಂದು ಕ್ಲಾಸಲ್ಲಿ ಕೂತು ನೋಡ್ತಾರಂತೆ. ಮಕ್ಕಳು ಬಾಯಿ ಬಿಟ್ರೆ ಕ್ಲಾಸ್ ಉಂಟು. ಇಲ್ಲದಿದ್ರೆ ಕ್ಲಾಸೂ ಇಲ್ಲ, ಇವರ ವೀಸಾನೂ ಇಲ್ಲ.”

“ವೀಸಾ ಇಲ್ಲದಿದ್ರೆ?”

“ಎಂತ ಅತ್ತೆ, ಮತ್ತೆ ಊರಿಗೆ ಹೋಗುದು.”

ಅವಳಿಗೆ ನಮ್ಮ ಮಾತು ತಿಳಿಯಲಿಲ್ಲ, ಆದರೆ ಏನು ಹೇಳುತ್ತಿದ್ದೇವೆ ಎಂದು ಗೊತ್ತಿತ್ತು. ಎರಡೂ ಅಂಗೈ ಒರೆಸಿಕೊಂಡ ಹಾಗೆ ಮಾಡಿ “ಖಲಾಸ್” ಎಂದಳು. ಈ ದೇಶದಲ್ಲಿ ಆ ಒಂದು ಶಬ್ದ ಎಲ್ಲರಿಗೂ ಬರುತ್ತದೆ.

ಅವಳ ಯೋಚನೆ ಏನೆಂದರೆ, ಆ ದಿನ ಪ್ರತಿ ಮಗುವಿನ ಕೈಯಲ್ಲೂ ತನ್ನದೇ ಆದ ಒಂದು ಕಟ್ಟು ಚಿತ್ರ ಇರಬೇಕು. ಅದನ್ನು ನೋಡಿ ಒಬ್ಬೊಬ್ಬರಾಗಿ ಎದ್ದು ಎರಡು ಭಾಷೆಯಲ್ಲೂ ಹೇಳಬೇಕು. ಅಂದರೆ ಇದ್ದದ್ದನ್ನೆಲ್ಲ ಮತ್ತೆ ಮತ್ತೆ ಮಾಡಬೇಕು. ಅದೇ ಬೆಕ್ಕನ್ನು ಮಗುವಿಗೊಂದರಂತೆ, ಅದೇ ಚಂದ್ರನನ್ನು ಮಗುವಿಗೊಂದರಂತೆ. ಆ ವಾರ ಮೇಲಿನ ಕೋಣೆಯ ವಾಸನೆ ನಮ್ಮ ಅನ್ನಕ್ಕೂ ಹತ್ತಿತು. ಅವಳು ಶಾಲೆಯಿಂದ ಬಂದು ಮೆಟ್ಟಿಲಲ್ಲಿ ಕೂರುವುದನ್ನೂ ಬಿಟ್ಟಳು. ಮೇಲೆ ಕುರ್ಚಿ ಎಳೆಯುವ ಸದ್ದು ಕೇಳಿದರೆ ಬಂದಳು ಎಂದು ತಿಳಿದು ನಾನೇ ಹತ್ತುತ್ತಿದ್ದೆ. ಮಂಡಿ ಹಿಡಿದುಕೊಂಡು, ಗೋಡೆ ಹಿಡಿದುಕೊಂಡು...

ಶನಿವಾರ ಮಧ್ಯಾಹ್ನ ಹೋದಾಗ ಅವಳಿಗೆ ಜ್ವರ. ಕಣ್ಣು ಕೆಂಪು. ಕತ್ತರಿಸಿ ಹೊಳಪು ಹಾಕಿದ್ದೆಲ್ಲ ನೆಲದಲ್ಲಿ ರಾಶಿ ಬಿದ್ದಿತ್ತು, ಇನ್ನು ಕಟ್ಟು ಮಾಡುವುದೊಂದೇ ಬಾಕಿ. ಕೈಸನ್ನೆಯಲ್ಲಿ ಕಟ್ಟು ಕಟ್ಟುವ ಹಾಗೆ ತೋರಿಸಿದಳು. ನಾನು ಅವಳ ಕೈಯನ್ನು ಕೆಳಗಿಳಿಸಿ, ಮಂಚದ ಕಡೆ ತೋರಿಸಿ “ಮಲಗು” ಎಂದೆ. ಮಲಗಿಬಿಟ್ಟಳು.

ಪಕ್ಕದ ತುಂಡಿನಲ್ಲಿ ಪುತ್ತೂರು ಕಡೆಯ ಬ್ಯಾರಿ ಕುಟುಂಬವೊಂದಿತ್ತು. ಆ ಮನೆಯ ಹೆಂಗಸೂ ಮದುವೆಯಾಗಿ ಇಲ್ಲಿಗೆ ಬರುವ ತನಕ ಬೀಡಿ ಕಟ್ಟಿದವಳೇ. ಕರೆದೆ, ನೂಲಿನ ಉಂಡೆ ಹಿಡಿದುಕೊಂಡು ಬಂದಳು. ಇಬ್ಬರೂ ಕಾಲು ಚಾಚಿ ಕುಳಿತೆವು. ಎಷ್ಟು ವರ್ಷದ ಮೇಲೆ ಹಾಗೆ ಎದುರುಬದುರು ಕುಳಿತದ್ದು!

“ಅಕ್ಕಾ, ಇದು ಹೊಗೆಸೊಪ್ಪು ಇಲ್ಲದ ಬೀಡಿ,” ಎಂದಳು ಅವಳು.

“ಮೆಲ್ಲ ಮಾತಾಡು ಮಾರಾಯ್ತಿ, ಜ್ವರದವಳು ಮಲಗಿದ್ದಾಳೆ.”

“ಈ ಬೀಡಿ ಸೇದಿದ್ರೆ ಕೆಮ್ಮು ಬರುದಿಲ್ಲ ಅಕ್ಕಾ, ಇಂಗ್ಲಿಷ್ ಬರ್ತದೆ!” ಸೆರಗನ್ನು ಬಾಯಿಗೆ ಒತ್ತಿಕೊಂಡು ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

ಬೀಡಿ ಕಟ್ಟಿದವರಿಗೆ ಗೊತ್ತು, ಕಟ್ಟು ಎಂದರೆ ಏನು ಎಂದು. ಒಂದು ಕಟ್ಟಿನಲ್ಲಿರುವುದೆಲ್ಲ ಒಂದೇ ಹಾಗಿರಬೇಕು. ಒಂದು ಉದ್ದ ಒಂದು ಗಿಡ್ಡ, ಒಂದು ಬಿಳಿ ಎಲೆ ಒಂದು ಕಪ್ಪು ಎಲೆ ಸೇರಿದರೆ ಬ್ರಾಂಚಿನವನು ಕಟ್ಟನ್ನೇ ಬಿಚ್ಚಿ ಮುಖಕ್ಕೆ ಎಸೆಯುತ್ತಾನೆ. ಜಾತಿಗೆ ಜಾತಿ ಸೇರಿಸುವುದು ನಮ್ಮ ಬೆರಳಿಗೇ ಅಂಟಿದ ಅಭ್ಯಾಸ. ಹಾಗಾಗಿ ಬೆಕ್ಕುಗಳನ್ನೆಲ್ಲ ಒಂದು ಕಟ್ಟು ಮಾಡಿದೆವು. ಚಂದ್ರಗಳದ್ದು ಒಂದು, ಮನೆಗಳದ್ದು ಒಂದು, ನೀರಿನ ಲೋಟಗಳದ್ದು ಒಂದು. ಅಂಚು ತಟ್ಟಿ ಸಮ ಮಾಡಿ, ನೂಲು ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟೆವು. ಎಂಥ ಚಂದದ ಕಟ್ಟುಗಳು! ಯಾವ ಬ್ರಾಂಚಿನವನೂ ಒಂದು ಮಾತು ಆಡುವ ಹಾಗಿರಲಿಲ್ಲ. ಮುಚ್ಚಳ ಹಾಕಿ, ಅವಳ ಚೀಲದ ಪಕ್ಕದಲ್ಲಿಟ್ಟು, ಗಂಜಿ ಕೊಟ್ಟು ಬಂದೆ. ಬೆಳಿಗ್ಗೆ ಅವಳು ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತುವುದನ್ನು ಕಿಟಕಿಯಿಂದ ನೋಡಿದೆ. ಜ್ವರ ಬಿಟ್ಟಿರಲಿಲ್ಲ, ನಡೆಯುವುದರಲ್ಲೇ ಗೊತ್ತಾಗುತ್ತಿತ್ತು.

ಆ ದಿನ ಮೊಮ್ಮಗಳಿಗೆ ಬೇಗನೆ ಉಣ್ಣಿಸಿದೆ. ಬಸ್ಸಿನ ಸದ್ದಾಗುವ ಮೊದಲೇ ಮೆಟ್ಟಿಲಲ್ಲಿ ಹೋಗಿ ಕುಳಿತೆ. ಸೊಸೆಯೂ ಬಂದು ನಿಂತಳು, ನನಗಿಂತ ಅವಳಿಗೇ ಹೆಚ್ಚು ಗಾಬರಿ. ಟೀಚರ್ ಬಂದಳು, ನಮ್ಮೆದುರು ನಿಂತಳು. ಸೊಸೆಯ ಹತ್ತಿರ ಏನೋ ಕೇಳಿದಳು.

“ಅತ್ತೆ, ಕಟ್ಟು ಕಟ್ಟಿದ್ದು ಯಾರು ಅಂತ ಕೇಳ್ತಿದ್ದಾರೆ.”

“ನಾನೇ! ಹೇಳು, ಒಳ್ಳೆ ಕಟ್ಟಲ್ವಾ ಅಂತ ಕೇಳು.”

ಅವಳು ಮೆಟ್ಟಿಲಲ್ಲಿ ನನ್ನ ಪಕ್ಕ ಕುಳಿತಳು. ಕುಳಿತು ನಗಲು ಶುರು ಮಾಡಿದಳು. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಆಮೇಲೆ ಬರೇ ನೀರೇ ಆಯಿತು... ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಅವಳು ಹೇಳುತ್ತ ಹೋದಳು, ಸೊಸೆ ನಡುನಡುವೆ ನನಗೆ ಹೇಳಿದಳು.

ಆದದ್ದು ಇಷ್ಟು. ಶಾಲೆಯ ದೊಡ್ಡವರು ಹಿಂದಿನ ಕುರ್ಚಿಗಳಲ್ಲಿ ಕುಳಿತಿದ್ದಾರೆ. ಇವಳು ಒಂದೊಂದು ಮಗುವಿಗೆ ಒಂದೊಂದು ಕಟ್ಟು ಕೊಟ್ಟಿದ್ದಾಳೆ. ಮಕ್ಕಳು ಬಿಚ್ಚಿದರೆ, ಒಂದು ಮಗುವಿನ ಕೈಯಲ್ಲಿ ಬರೇ ಬೆಕ್ಕು! ಇನ್ನೊಂದರ ಕೈಯಲ್ಲಿ ಬರೇ ಚಂದ್ರ. ಪ್ರತಿ ಮಗುವಿಗೂ ಎಲ್ಲ ಚಿತ್ರವೂ ಒಂದೊಂದು ಬರಬೇಕಾಗಿತ್ತು. ಮುಗಿಯಿತು, ಇವತ್ತೇ ಪೆಟ್ಟಿಗೆ ಕಟ್ಟುವುದು ಎಂದು ಇವಳು ಮೇಜನ್ನು ಹಿಡಿದುಕೊಂಡು ನಿಂತಳಂತೆ. ಅಷ್ಟರಲ್ಲಿ ಬೆಕ್ಕಿನ ಕಟ್ಟು ಸಿಕ್ಕಿದ ಹುಡುಗಿ, ಇವಳ ಭಾಷೆಯದ್ದೇ ಮಗು, ಎದ್ದು ನಿಂತು ಕೂಗಿದಳಂತೆ, ನನಗೆ ಬರೇ ಬೆಕ್ಕು, ಚಂದ್ರ ಯಾರ ಹತ್ತಿರ ಉಂಟು, ಒಂದು ಕೊಡು ಎಂದು. ಚಂದ್ರ ಇದ್ದ ಮಗುವಿಗೆ ಆ ಮಾತು ತಿಳಿಯಲಿಲ್ಲ. ಹುಡುಗಿ ಅದರ ಕೈಯಲ್ಲಿದ್ದ ಚಂದ್ರನ ನೀಲಿ ಅಕ್ಷರ ಓದಿ ಇಂಗ್ಲಿಷಿನಲ್ಲಿ ಕೇಳಿದಳು. ಅದು, ಹಾಗಾದರೆ ನಿನ್ನ ಬೆಕ್ಕು ಕೊಡು ಎಂದಿತು, ಬೆಕ್ಕಿನ ಕೆಂಪು ಅಕ್ಷರ ಓದಿ, ತಪ್ಪು ತಪ್ಪಾಗಿ. ಅಷ್ಟೇ. ಕ್ಲಾಸಿಗೆ ಕ್ಲಾಸೇ ಎದ್ದಿತು. ಮೀನು ಮಾರ್ಕೆಟ್ಟಿನ ಹಾಗೆ ಗಲಾಟೆಯಂತೆ! ಮನೆ ಕೊಡು, ನೀರು ತಗೋ, ನಿನ್ನ ಮೀನಿಗೆ ನನ್ನ ಮರ ಎಂದು. ಬೇಕು ಎಂದು ಬಂದ ಮೇಲೆ ಮಕ್ಕಳು ಯಾವ ಭಾಷೆಯಲ್ಲಾದರೂ ಕೇಳುತ್ತಾರೆ.

“ಇವರು ಇದನ್ನೇ ಪ್ಲಾನ್ ಮಾಡಿದ್ದು ಅಂತ ಶಾಲೆಯ ದೊಡ್ಡವರು ಅಂದುಕೊಂಡ್ರಂತೆ ಅತ್ತೆ. ಇಂಥ ಪಾಠ ಎಲ್ಲಿ ಕಲಿತಿರಿ ಅಂತ ಕೇಳಿದ್ರಂತೆ.”

“ಎಂತ ಹೇಳಿದಳು?”

“ನನ್ನ ಕೆಳಗಿನ ಮನೆಯವರಿಂದ ಅಂತ.”

ಪಕ್ಕದ ಮನೆಯವಳು ಅಂಗಳದಿಂದಲೇ ಕೂಗಿದಳು, “ನಾನು ಹೇಳಿದ್ದಲ್ವಾ ಅಕ್ಕಾ, ಇಂಗ್ಲಿಷ್ ಬರ್ತದೆ ಅಂತ!”

ಇನ್ನೊಂದು ವರ್ಷಕ್ಕೆ ಕ್ಲಾಸ್ ಉಳಿಯಿತು. ಆ ಮೇಲೆ ಪ್ರತಿ ಸಲವೂ ಕಟ್ಟು ನನ್ನದೇ, ಜಾತಿಗೆ ಜಾತಿ. ಸಂಜೆ ಮೆಟ್ಟಿಲಲ್ಲಿ ಅವಳು ಮೊಮ್ಮಗಳ ಜೊತೆ ಅದೇ ಆಟ ಆಡುತ್ತಿದ್ದಳು. ಮಗುವಿಗೆ ಬರೇ ಚಂದ್ರ ಕೊಟ್ಟು ತಾನು ಉಳಿದದ್ದನ್ನೆಲ್ಲ ಇಟ್ಟುಕೊಂಡು, ಕೇಳು ಕೇಳು ಎಂದು ಕಾಯುವುದು. ಮಗು ಅವಳ ಕುತ್ತಿಗೆಗೆ ಜೋತುಬಿದ್ದು ಕೇಳುತ್ತಿತ್ತು. ಎಷ್ಟು ದಣಿದಿದ್ದರೂ ಆ ಆಟಕ್ಕೆ ಅವಳಲ್ಲಿ ಉಸಿರು ಉಳಿದಿರುತ್ತಿತ್ತು. ಮುಗಿದ ಮೇಲೆ ಕೈಗಂಬಿ ಹಿಡಿದು, ಪ್ರತಿ ಮೆಟ್ಟಿಲಲ್ಲೂ ನಿಂತು ನಿಂತು ಹತ್ತುವುದನ್ನು ನೋಡಿದರೆ ನನ್ನ ಕಾಲೇ ನೋಯುತ್ತಿತ್ತು.

ನನ್ನ ವೀಸಾ ಮುಗಿಯಿತು, ಊರಿಗೆ ಹೋದೆ. ಬೇಗ ಬರುತ್ತೇನೆ ಎಂದು ಕೈಸನ್ನೆ ಮಾಡಿದ್ದೆ. ಊರಲ್ಲಿ ಮಗಳ ಬಾಣಂತನ, ಮತ್ತೆ ನನ್ನದೇ ಬೆನ್ನಿನ ಆಸ್ಪತ್ರೆ... ತಿರುಗಿ ಬರುವಾಗ ಎರಡು ಬೇಸಿಗೆ ಕಳೆದಿತ್ತು. ಮೆಟ್ಟಿಲ ಕೆಳಗೆ ಯಾರದೋ ಗಂಡಸರ ಬೂಟುಗಳು. ಕ್ಲಾಸನ್ನು ಕೊನೆಗೆ ನಿಲ್ಲಿಸಿಯೇ ಬಿಟ್ಟರಂತೆ. ಅವಳು ಹೋಗುವ ಮೊದಲು ಮಗನ ಹತ್ತಿರ ಅಮ್ಮ ಯಾವಾಗ ಬರುತ್ತಾರೆ ಎಂದು ಕೇಳಿದ್ದಳಂತೆ.

“ಅವಳ ಊರು ಯಾವುದು, ಫೋನ್ ಎಂತದು, ಏನೂ ಕೇಳ್ಲಿಲ್ವಾ ನೀನು?”

“ಎಲ್ಲ ಗಡಿಬಿಡಿಯಲ್ಲಿ ಆದದ್ದು ಅಮ್ಮ. ನಾನೂ ಡ್ಯೂಟಿಯಲ್ಲಿದ್ದೆ.”

ಅವನನ್ನೇನು ಬೈಯುವುದು! ಇಲ್ಲಿ ಎಲ್ಲರೂ ಹಾಗೇ ಬಂದು ಹಾಗೇ ಹೋಗುವವರು. ಆದರೂ ಎಷ್ಟೋ ದಿನ, ಮೇಲೆ ಆ ಗಂಡಸರು ಕುರ್ಚಿ ಎಳೆದರೆ ಸಾಕು, ನಾನು ಒಮ್ಮೆ ಎದ್ದು ನಿಂತುಬಿಡುತ್ತಿದ್ದೆ.

ಹೋದ ವಾರ ಆ ವಾಸನೆಗೆ ಎದ್ದು ಬಂದವಳು ಮೇಜಿನ ಮುಂದೆ ಕುಳಿತು ಮೊಮ್ಮಗಳ ಆನೆಗಳನ್ನೂ ಕೊಡೆಗಳನ್ನೂ ನೋಡಿದೆ. “ಕೊಡು, ನಾನು ಕಟ್ಟಿ ಕೊಡ್ತೇನೆ,” ಎಂದೆ. ಬೆರಳುಗಳು ಈಗ ಹೇಳಿದ ಮಾತು ಕೇಳುವುದಿಲ್ಲ, ನೂಲಿನ ತುದಿ ಒಳಗೆ ಹೋಗಲು ಹಟ ಮಾಡುತ್ತದೆ. ಅಭ್ಯಾಸದಂತೆ ಆನೆಗೆ ಆನೆ ಸೇರಿಸಹೊರಟವಳು ತಡೆದು ಕೇಳಿದೆ, “ಎಲ್ಲದರಲ್ಲೂ ಒಂದೊಂದು ಇಡಬೇಕಾ?”

“ಬೇಡ ಅಜ್ಜಿ, ಒಂದು ಕಟ್ಟಲ್ಲಿ ಒಂದೇ ತರದ್ದು ಇರ್ಲಿ. ಮಕ್ಕಳು ಕೇಳಿ ಕೇಳಿ ಬದಲು ಮಾಡ್ಕೊಳ್ಬೇಕು, ಆಗ ಕನ್ನಡ ಬರ್ತದೆ. ಒಳ್ಳೆ ಆಟ ಅಲ್ವಾ?”

ನನ್ನ ಕೈ ನಿಂತಿತು. “ನಿನಗೆ ಯಾರು ಹೇಳಿಕೊಟ್ಟದ್ದು?”

ಅವಳು ಯೋಚಿಸಿದಳು. “ಗೊತ್ತಿಲ್ಲ ಅಜ್ಜಿ. ಸಣ್ಣಗಿರುವಾಗ ನೀವೇ ಆಡಿಸ್ತಿದ್ರಿ ಅಲ್ವಾ? ಮೆಟ್ಟಿಲಲ್ಲಿ ಕೂತು?”

ಇವಳ ನೆನಪಿನಲ್ಲಿ ಮೆಟ್ಟಿಲು ಉಳಿದಿದೆ, ಆಟ ಉಳಿದಿದೆ, ಯಾರ ಕುತ್ತಿಗೆಗೆ ಜೋತುಬೀಳುತ್ತಿದ್ದಳೋ ಆ ಹೆಂಗಸು ಮಾತ್ರ ಅಳಿಸಿಹೋಗಿದ್ದಾಳೆ. ಆಗ ನಾಲ್ಕು ವರ್ಷದ ಮಗು, ಇವಳದ್ದೇನೂ ತಪ್ಪಿಲ್ಲ. ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೊಮ್ಮಗಳು ಮೆಷಿನ್ ಆರಿಸಿ, ಕುರ್ಚಿಗೆ ಒರಗಿ, ಚಪ್ಪಲಿ ಬಿಚ್ಚಿ, ಪಾದ ಒತ್ತಿಕೊಂಡು “ಬಚ್ಚುಂಡು ಅಜ್ಜಿ...” ಎಂದಳು. ಬೆಳಗಿನಿಂದ ಶಾಲೆ, ಆಮೇಲೆ ಇದು. ಟೀಚರ್ ಅಲ್ಲವೇ!

ನನಗೇ ತಿಳಿಯದೆ ಬಂದುಬಿಟ್ಟಿತು, “ಕನ್ಸಾದಾ.”

“ಎಂತ ಅಂದ್ರಿ? ಅದು ಯಾವ ಭಾಷೆ ಅಜ್ಜಿ?”

“ಮೇಲಿನ ಮನೆಯ ಭಾಷೆ.”

ಅವಳು ಕಣ್ಣೆತ್ತಿ ಛಾವಣಿಯನ್ನು ನೋಡಿ ನಕ್ಕಳು. “ಮೇಲೆ ಮನೆ ಎಲ್ಲುಂಟು ಅಜ್ಜಿ? ನಮ್ಮದೇ ಕೊನೆಯ ಮಾಳಿಗೆ ಅಲ್ವಾ?”

ಹೌದು. ಅದೂ ಹೌದು. ಆದರೂ ಮೇಲೆ ಕುರ್ಚಿ ಎಳೆಯುವ ಸದ್ದು ಕೇಳುತ್ತದೋ ಎಂದು ನಾನು ಒಮ್ಮೆ ಕಿವಿ ಕೊಟ್ಟೆ. ಆಮೇಲೆ ಕುರ್ಚಿಯನ್ನು ಅವಳ ಹತ್ತಿರ ಎಳೆದುಕೊಂಡು, ಹೇಳಲು ಶುರು ಮಾಡಿದೆ.